ಅಕ್ಕನಿಗಿಲ್ಲದ ಪಾಲು, ತಂಗಿಗೆ ಒದಗಿದ ಪಾಲು

ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಿನಕಲ್ಲನ್ನೂ ಹೂಟಗಳ್ಳಿಯನ್ನೂ ದಾಟಿ, ಪೇಟೆಯಿಂದ ಸುಮಾರು ಹದಿನೈದು ಕಿಲೋಮೀಟರು ಸಾಗಿದರೆ ಸಿಕ್ಕುವ ಇಲವಾಲವು ಒಂದಾನೊಂದು ಕಾಲದಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಆರ್ಥರ್ ಕೋಲ್ ಕಟ್ಟಿಸಿದ ಬಂಗಲೆಯಿಂದ ಹೆಸರಾಗಿದ್ದ ಊರು; ಆದರೆ ಸ್ವತಂತ್ರ ಭಾರತದ ಚರಿತ್ರೆಯಲ್ಲಿ ಅದಕ್ಕೊಂದು ಸ್ಥಾನ ದೊರೆತುದು, 1957ನೆಯ ಇಸವಿಯ ಸೆಪ್ಟೆಂಬರ್ 21 ಮತ್ತು 22ರಂದು, ರಾಷ್ಟ್ರಪತಿ ರಾಜೇಂದ್ರಪ್ರಸಾದರು, ಪ್ರಧಾನಿ ನೆಹರೂ, ಜಯಪ್ರಕಾಶ ನಾರಾಯಣರು, ಆಗತಾನೆ ಕೇರಳದಲ್ಲಿ ಅಧಿಕಾರ ವಹಿಸಿಕೊಂಡಿದ್ದ ಕಮ್ಯೂನಿಸ್ಟ್ ಮುಖ್ಯಮಂತ್ರಿ ನಂಬೂದಿರಿಪಾಡರು, ಇವರೆಲ್ಲ ಆಚಾರ್ಯ ವಿನೋಬಾ ಭಾವೆಯವರೊಡನೆ ಅಲ್ಲಿ ಕಲೆತು, ಭೂಮಿಯುಳ್ಳವರು ಸ್ವಇಚ್ಛೆಯಿಂದ ಅದರ ಮೇಲಿನ ಸ್ವಾಮ್ಯವನ್ನು ಊರಿಗೆ ಬಿಟ್ಟುಕೊಡುವ ಗ್ರಾಮದಾನದ ವಿಚಾರವನ್ನು ಚರ್ಚಿಸಿದುದರಿಂದ. ಪಕ್ಷಭೇದವನ್ನು ಮರೆತು ಅಷ್ಟು ಜನ ನಾಯಕರು ದಾನದ ಮಹಿಮೆಯನ್ನು ಒಪ್ಪಿದ ಸಂದರ್ಭ ನಮ್ಮ ದೇಶದಲ್ಲಿ ಬಹಳ ಬಂದಿಲ್ಲ.

ಅದೇ ಹೋಬಳಿಯ ಮನೆಗಳೊಳಗೆ, ಯಾವ ಸಮ್ಮೇಳನವೂ ಯಾವ ಠರಾವೂ ಇಲ್ಲದೆ, ಇನ್ನೊಂದು ಬಗೆಯ ಭೂದಾನವು ತಲತಲಾಂತರದಿಂದ ನಡೆದುಬಂದಿತ್ತು. ಮನೆಯ ಹೆಣ್ಣುಮಕ್ಕಳು ತವರಿನ ಸ್ವತ್ತಿನಲ್ಲಿ ತಮಗೆ ಬರಬೇಕಾದುದನ್ನು, ಅನೇಕ ವೇಳೆ ಬರಬೇಕೆಂಬುದನ್ನೇ ಅರಿಯದೆ, ಒಡಹುಟ್ಟಿದ ಗಂಡಸರಿಗೆ ಬಿಟ್ಟುಕೊಡುವುದೇ ಆ ದಾನ. ಅದನ್ನು ಕೊಟ್ಟವರ ಹೆಸರು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗಲಿಲ್ಲ. ಆ ದಾನದ ಕಾಗದಕ್ಕೆ ಒಬ್ಬಳು ರುಜು ಹಾಕಿ ಇನ್ನೊಬ್ಬಳು ಹಾಕದೆ ಉಳಿದಾಗ ಒಂದೇ ಒಡಲಿನಲ್ಲಿ ಹುಟ್ಟಿದ ಇಬ್ಬರ ನಡುವೆ ಬೀಳುವ ಬಿರುಕೂ, ಎಷ್ಟೋ ವರ್ಷಗಳ ಮೇಲೆ ಅವರಿಬ್ಬರು ಹುಟ್ಟಿದ ಮನೆಯ ಹೊಸ್ತಿಲನ್ನು ಮತ್ತೆ ತುಳಿದಾಗ ಹೊರಬೀಳುವ ಸಂಗತಿಗಳೂ ಈ ಲೇಖನದ ವಿಷಯ.

ಅಕ್ಕತಂಗಿಯರು ಮಾತು ಬಿಟ್ಟರೆ ಊರು ಅದಕ್ಕೆ ಕಾರಣ ಹುಡುಕುವ ಶ್ರಮವನ್ನು ತೆಗೆದುಕೊಳ್ಳುವುದಿಲ್ಲ. ಅಣ್ಣತಮ್ಮಂದಿರು ಕಚ್ಚಾಡಿದರೆ ಅದಕ್ಕೆ ವ್ಯಾಜ್ಯವೆಂಬ ಗಂಭೀರವಾದ ಹೆಸರಿದೆ. ಹೆಣ್ಣುಮಕ್ಕಳು ಕಚ್ಚಾಡಿದರೆ ಅದು ಹೆಂಗಸರ ಜಗಳ, ಸೀರೆಯದೋ ಒಡವೆಯದೋ ಯಾರೋ ಆಡಿದ ಚುಚ್ಚುಮಾತಿನದೋ ಆಗಿರಬೇಕೆಂಬುದು ಎಲ್ಲರ ನಿಶ್ಚಯ. ನಮ್ಮ ಜನಪದ ಸಾಹಿತ್ಯವೂ ಈ ವಿಷಯದಲ್ಲಿ ಹೆಚ್ಚಿನ ನೆರವು ನೀಡದು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ತಿರುವಿಹಾಕಿದವರಿಗೆ ಗೊತ್ತು, ತವರೆಂದರೆ ಅಲ್ಲಿ ಹೆಚ್ಚಾಗಿ ಹಡೆದವ್ವ ಮತ್ತು ಅಣ್ಣ. ಬೇರೆ ಬೇರೆ ಊರುಗಳಿಗೆ ಹೋಗಿ ಸೇರಿದ ಇಬ್ಬರು ಸಹೋದರಿಯರು ಒಬ್ಬರಿಗೊಬ್ಬರು ಏನಾಗಿ ಉಳಿಯುತ್ತಾರೆಂಬುದನ್ನು ಕೇಳಿದವರು ವಿರಳ. ಹಳೆಯ ಮೈಸೂರಿನ ಸೀಮೆಯಲ್ಲಿ ಈ ಮುನಿಸುಗಳ ಬುಡವನ್ನು ಅಗೆದು ನೋಡಿದರೆ ಸೀರೆಗಿಂತ ಹೆಚ್ಚಾಗಿ ಸಿಕ್ಕುವುದು ಕಾಗದ. ಆ ಕಾಗದದ ಹಿಂದೆ, ಸದುದ್ದೇಶದಿಂದಲೇ ರಚಿತವಾದ ಒಂದು ಶಾಸನದ ತಾರೀಖು.

ವಿಷಯವು ಸ್ಪಷ್ಟವಾಗಬೇಕಾದರೆ ಒಂದು ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕು. ಇದು ಇಲವಾಲದ ಇಂಥದೇ ಮನೆಯೆಂದು ಬೆರಳಿಟ್ಟು ತೋರಿಸತಕ್ಕದ್ದಲ್ಲ, ಲೆಕ್ಕವನ್ನು ತಿಳಿಸುವುದಕ್ಕಾಗಿ ಕಲ್ಪಿಸಿಕೊಂಡದ್ದು. ಆದರೂ ಓದುಗರಲ್ಲಿ ಹಲವರಿಗೆ ತಮ್ಮ ಬಂಧುಗಳ ಮನೆಯ ಗುರುತು ಹತ್ತಿದರೆ ಆಶ್ಚರ್ಯವಿಲ್ಲ. ಬೀದಿಗೆ ಜಗುಲಿ, ಒಳಗೆ ಹೋದರೆ ನಡುವೆ ಮಳೆನೀರು ಬೀಳುವ ತೊಟ್ಟಿ, ಸುತ್ತಲೂ ಮರದ ಕಂಬಗಳ ಪಡಸಾಲೆ, ಹಿಂದೆ ಬೆಳಕು ಕಾಣದ ದೇವರ ಕೋಣೆ, ಮೇಲೆ ಅಟ್ಟ. ಅಟ್ಟದ ಮೇಲೆ ಒಂದು ತಗಡಿನ ಟ್ರಂಕು. ಅದರೊಳಗೆ ಕಂದಾಯದ ರಸೀತಿಗಳು, ತೀರಿಹೋದ ಸಾಲದ ಪತ್ರಗಳು, ಮೂರು ತಲೆಮಾರಿನ ಲಗ್ನಪತ್ರಿಕೆಗಳು, ಮಡಿಕೆ ಹರಿದ ಛಾಪಾ ಕಾಗದಗಳು. ಊರ ಹೊರಗೆ ಒಂಬತ್ತು ಎಕರೆ ಪಿತ್ರಾರ್ಜಿತ ಹೊಲ, ರಾಗಿ ಹುರುಳಿ ಅವರೆ ಬೆಳೆಯುತ್ತಿದ್ದ ನೆಲ. ತಂದೆ 2000ದಲ್ಲಿ ತೀರಿಕೊಂಡರು, ತಾಯಿ ಅದಕ್ಕೂ ಮುಂಚೆ. ಮಕ್ಕಳು ಮೂವರು: ಒಬ್ಬ ಗಂಡುಮಗ, 1993ರಲ್ಲಿ ಮದುವೆಯಾಗಿ ಹೋದ ಹಿರಿಯ ಮಗಳು, 1995ರಲ್ಲಿ ಮದುವೆಯಾದ ಕಿರಿಯಳು. ಎರಡು ಮದುವೆಗಳ ನಡುವೆ ಎರಡೇ ವರ್ಷದ ಅಂತರ. ಆ ಅಂತರವನ್ನು ನೆನಪಿನಲ್ಲಿಡಬೇಕು.

ಮೈಸೂರು ಸಂಸ್ಥಾನವು ಹೆಣ್ಣಿನ ಸ್ವತ್ತಿನ ವಿಷಯದಲ್ಲಿ ಹಿಂದುಳಿದುದೆಂದು ಯಾರೂ ಹೇಳಲಾರರು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವೊಂದು ಇಲ್ಲಿ ಜಾರಿಗೆ ಬಂದಿತು. ಅವಿಭಕ್ತ ಕುಟುಂಬದ ಸ್ವತ್ತು ಪಾಲಾಗುವಾಗ ವಿಧವೆಗೂ ತಾಯಿಗೂ ಗಂಡಸಿನ ಪಾಲಿನ ಅರ್ಧ, ಅವಿವಾಹಿತೆಯಾದ ಮಗಳಿಗೆ ಅಥವಾ ಸೋದರಿಗೆ ಒಬ್ಬ ಸೋದರನ ಪಾಲಿನ ಕಾಲುಭಾಗ ಸಲ್ಲಬೇಕೆಂದು ಅದು ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರಿಗೆ ಮಾತ್ರ, ಅದೂ ಜೀವಿತಾವಧಿಯ ಹಕ್ಕು ಬರುವುದಕ್ಕೆ ಇನ್ನೂ ನಾಲ್ಕು ವರ್ಷ ಕಳೆಯಬೇಕಾಗಿತ್ತು. ನಮ್ಮ ಹಿರಿಯರು ಹೆಮ್ಮೆಪಡಬಹುದಾದ ಶಾಸನ ಅದು, ಸಂದೇಹವಿಲ್ಲ. ಆದರೆ ‘ಅವಿವಾಹಿತೆ’ ಎಂಬ ಷರತ್ತು ಅಲ್ಲಿಯೇ, ಆ ಮೊದಲ ಔದಾರ್ಯದಲ್ಲಿಯೇ ಸೇರಿಕೊಂಡಿತು, ಮುಂದಿನ ಎಪ್ಪತ್ತೆರಡು ವರ್ಷಗಳ ಕಾಲ ಬೇರೆ ಬೇರೆ ವೇಷದಲ್ಲಿ ಅದು ಬಿಡದೆ ಹಿಂಬಾಲಿಸಿತು.

ಮಂಗಳೂರಿನ ಕಡೆಯ ಬಿ. ಎನ್. ರಾವ್ ಅವರ ಅಧ್ಯಕ್ಷತೆಯ ಸಮಿತಿಯು ಹಾಕಿಕೊಟ್ಟ ಅಡಿಪಾಯದ ಮೇಲೆ, ಅಂಬೇಡ್ಕರರ ರಾಜೀನಾಮೆಯನ್ನೂ ಕಂಡು, ಕಡೆಗೆ ತುಂಡುತುಂಡಾಗಿ ಅಂಗೀಕೃತವಾದ ಹಿಂದೂ ಸಂಹಿತೆಯಲ್ಲಿ ಉತ್ತರಾಧಿಕಾರದ ಭಾಗವು 1956ರ ಜೂನ್ 17ರಂದು ಜಾರಿಗೆ ಬಂದಿತು. ಇಲವಾಲದ ಸಮ್ಮೇಳನಕ್ಕಿಂತ ಒಂದು ವರ್ಷ ಮೂರು ತಿಂಗಳು ಮುಂಚೆ. ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೂ ಮಗನಿಗೂ ಸಮಪಾಲು, ಪಿತ್ರಾರ್ಜಿತದಲ್ಲಿ ತಂದೆಯ ಪಾಲೆಂದು ಲೆಕ್ಕಹಾಕಿದ ಅಂಶದಲ್ಲಿ ಮಾತ್ರ ಮಗಳಿಗೆ ಒಂದು ತುಣುಕು. ವಾಸದ ಮನೆಯನ್ನು ಕುರಿತು ಅದರ 23ನೆಯ ಕಲಮು ಹೇಳಿದ್ದನ್ನು ಓದಿದಾಗಲೆಲ್ಲ ನನಗೆ ಅಚ್ಚರಿಯಾಗುತ್ತದೆ. ಗಂಡು ವಾರಸುದಾರರು ತಾವಾಗಿ ಮನೆಯನ್ನು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ಅದರಲ್ಲಿ ಪಾಲು ಕೇಳುವಂತಿಲ್ಲ. ಅಲ್ಲಿ ವಾಸಮಾಡುವ ಹಕ್ಕಾದರೂ ಇದೆಯೆ ಎಂದರೆ, ಮಗಳು ಅವಿವಾಹಿತೆಯಾಗಿರಬೇಕು, ಇಲ್ಲವೆ ಗಂಡ ಬಿಟ್ಟವಳೋ ಗಂಡನಿಂದ ಬೇರೆಯಾದವಳೋ ವಿಧವೆಯೋ ಆಗಿರಬೇಕು. ಅಂದರೆ ಸಂಸಾರ ನೆಟ್ಟಗಿರುವ ಮಗಳಿಗೆ ತಾನು ಹುಟ್ಟಿದ ಮನೆಯಲ್ಲಿ ಶಾಸನರೀತ್ಯಾ ಒಂದು ರಾತ್ರಿ ತಂಗುವ ಹಕ್ಕೂ ಇರಲಿಲ್ಲ. ಬಾಳು ಕೆಟ್ಟರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಒಬ್ಬನೇ ಗಂಡುಮಗನಿರುವ ಮನೆಯಲ್ಲಿ, ‘ಗಂಡು ವಾರಸುದಾರರು’ ತಮ್ಮತಮ್ಮೊಳಗೆ ಪಾಲಾಗುವ ಪ್ರಶ್ನೆಯೇ ಏಳದಲ್ಲಿ, ಹೆಣ್ಣುಮಕ್ಕಳು ಯಾವ ಕಾಲದವರೆಗೆ ಕಾಯಬೇಕೆಂಬ ಸಮಸ್ಯೆಯು ಕರ್ನಾಟಕದ ಕುಟುಂಬವೊಂದರ ವ್ಯಾಜ್ಯದಿಂದಲೇ ಸುಪ್ರೀಂ ಕೋರ್ಟನ್ನು ಮುಟ್ಟಿತು. 1996ರ ನರಸಿಂಹಮೂರ್ತಿ ಪ್ರಕರಣದಲ್ಲಿ ಬಂದ ಉತ್ತರವೂ, ಮಗನು ಅಲ್ಲಿ ವಾಸವಾಗಿರುವವರೆಗೆ ಕಾಯಬೇಕೆಂಬುದೇ.

ಇನ್ನು 1994ಕ್ಕೆ ಬರೋಣ. ಆಂಧ್ರ, ತಮಿಳುನಾಡುಗಳ ಮೇಲ್ಪಂಕ್ತಿಯನ್ನು ಅನುಸರಿಸಿ ಕರ್ನಾಟಕವೂ ಹೆಣ್ಣುಮಗಳನ್ನು ಹುಟ್ಟಿನಿಂದಲೇ ಸಹದಾಯಾದಿಯೆಂದು, ಎಂದರೆ ಪಿತ್ರಾರ್ಜಿತದಲ್ಲಿ ಮಗನಂತೆಯೇ ಪಾಲುಗಾರಳೆಂದು, ಒಪ್ಪಿದ ತಿದ್ದುಪಡಿಯು ಆ ವರ್ಷದ ಜುಲೈ 30ರಂದು ಜಾರಿಗೆ ಬಂದಿತು. ದೊಡ್ಡ ಹೆಜ್ಜೆ, ಆದರೆ ಅಂದಿಗೆ ಮುಂಚೆ ಮದುವೆಯಾಗಿದ್ದವಳಿಗೆ ಅದು ಅನ್ವಯಿಸದು. ನಮ್ಮ ಒಂಬತ್ತು ಎಕರೆಗೆ ಈ ನಿಯಮವನ್ನು ಹಚ್ಚಿ ನೋಡೋಣ. 1993ರಲ್ಲಿ ಮದುವೆಯಾದ ಅಕ್ಕ ಹೊರಗೆ, 1995ರಲ್ಲಿ ಮದುವೆಯಾದ ತಂಗಿ ಒಳಗೆ. ತಂದೆ, ಮಗ, ಕಿರಿಯ ಮಗಳು, ಈ ಮೂವರಿಗೆ ತಲಾ ಮೂರು ಎಕರೆ. ತಂದೆ ತೀರಿಕೊಂಡ ಮೇಲೆ ಅವರ ಮೂರು ಎಕರೆ ಮೂರು ಮಕ್ಕಳಿಗೂ ಒಂದೊಂದು. ಕಡೆಗೆ ಮಗನಿಗೆ ನಾಲ್ಕು, ತಂಗಿಗೆ ನಾಲ್ಕು, ಅಕ್ಕನಿಗೆ ಒಂದು. ಒಂದೇ ತಾಯ ಹಾಲು ಕುಡಿದು, ಒಂದೇ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ತಲೆ ಬಾಚಿಸಿಕೊಂಡ ಇಬ್ಬರಲ್ಲಿ, ವರ ಬೇಗ ಸಿಕ್ಕಿದವಳಿಗೆ ಕಾಲುಭಾಗ! ಮನೆಯ ಕಷ್ಟವನ್ನು ಕಂಡು, ಓದನ್ನು ನಿಲ್ಲಿಸಿ, ಹಿರಿಯರು ತೋರಿಸಿದ ಕಡೆಗೆ ಕೊರಳೊಡ್ಡಿದವಳು ಹೆಚ್ಚಾಗಿ ಹಿರಿಯ ಮಗಳೇ ಆಗಿರುತ್ತಾಳೆ. ಅವಳ ಆ ವಿಧೇಯತೆಗೆ ರಾಜ್ಯವು ಎರಡು ಎಕರೆಯ ದಂಡ ವಿಧಿಸಿದ ಹಾಗಾಯಿತು. ಕಾನೂನು ಮಾಡಿದವರು ಇದನ್ನು ಬಯಸಿರಲಾರರು; ಈಗಾಗಲೇ ಮದುವೆಯಾಗಿ ಹೋದವರ ಹಕ್ಕನ್ನು ಕೆದಕಿದರೆ ಮನೆಮನೆಯಲ್ಲಿ ವ್ಯಾಜ್ಯವೇಳುವುದೆಂಬ ಅಂಜಿಕೆ ಅವರದು. ಫಲಿತವೇನೆಂದರೆ, ಅಣ್ಣನಿಗೂ ತಂಗಿಗೂ ಇದ್ದ ಅಸಮತೆಯಲ್ಲಿ ಒಂದಂಶವನ್ನು ಕಿತ್ತು ಅಕ್ಕನಿಗೂ ತಂಗಿಗೂ ನಡುವೆ ನೆಟ್ಟದ್ದು. ಹನ್ನೊಂದು ವರ್ಷ ಅದು ಅಲ್ಲಿಯೇ ಬೇರು ಬಿಟ್ಟಿತು.

ಇಂಥ ಮನೆಯಲ್ಲಿ ಮುಂದೆ ನಡೆಯುವ ಕಥೆಯನ್ನು ಪತ್ರ ಬರಹಗಾರರನ್ನು ಕೇಳಿದರೆ ಕಣ್ಣು ಮುಚ್ಚಿ ಹೇಳಿಯಾರು. ತಂದೆಯ ತಿಥಿ ಕಳೆದ ಮೇಲೆ ಪೌತಿ ಖಾತೆಯ ಮಾತು ಬರುತ್ತದೆ. ಖಾತೆ ಬದಲಾಗಬೇಕಾದರೆ ವಂಶವೃಕ್ಷ ಬೇಕು, ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿದ್ದರೆ ಅವರ ರುಜು ಬೇಕು. ಆದ್ದರಿಂದ ಗೌರಿ ಹಬ್ಬದ ಬಾಗಿನದೊಡನೆಯೋ, ಮಗುವಿನ ನಾಮಕರಣದ ಕರೆಯೋಲೆಯೊಡನೆಯೋ ಒಂದು ಕಾಗದವೂ ಹೋಗುತ್ತದೆ. ಅದರ ಒಕ್ಕಣೆ ಊರಿಂದೂರಿಗೆ ಹೆಚ್ಚು ಬದಲಾಗದು: ತನ್ನ ವಿವಾಹಕ್ಕೆ ತಂದೆಯವರು ಸಾಕಷ್ಟು ವೆಚ್ಚಮಾಡಿರುವರೆಂದೂ, ಅರಿಶಿನ ಕುಂಕುಮದ ಬಾಬ್ತು ಇಷ್ಟು ಹಣ ತನಗೆ ಸಂದಿದೆಯೆಂದೂ, ಯಾರ ಬಲಾತ್ಕಾರವೂ ಇಲ್ಲದೆ ಸ್ವಸಂತೋಷದಿಂದ ಹಕ್ಕು ಬಿಟ್ಟಿರುವೆನೆಂದೂ ಮೊದಲು, ಕೆಳಗೆ ಸರ್ವೆ ನಂಬರು, ಚಕ್ಕುಬಂದಿ, ಅದರ ಕೆಳಗೆ ಸಾಕ್ಷಿಗಳ ರುಜು, ಬಿಕ್ಕಲಂ, ಎಡಗೈ ಹೆಬ್ಬೆಟ್ಟಿನ ಗುರುತು. ಶಾಯಿ ಹೆಚ್ಚಾಗಿ ಮೆತ್ತಿ ಗೆರೆಗಳೆಲ್ಲ ಕೂಡಿಕೊಂಡ ಆ ನೀಲಿ ಮುದ್ರೆಯ ಪಕ್ಕದಲ್ಲಿ ಇಂಥವಳದೆಂದು ಬರೆದಿರುವುದು ಇನ್ನೊಬ್ಬರ ಕೈಬರಹ. ಮೇಲಿನ ಸ್ವಸಂತೋಷವೂ ಆ ಕೈಬರಹದ್ದೇ.

ಅಕ್ಕ ರುಜು ಹಾಕುತ್ತಾಳೆ. ಒಂದು ಎಕರೆಗಾಗಿ ತವರು ಕಳೆದುಕೊಳ್ಳುವುದೇ ಎಂಬ ಯೋಚನೆ ಅವಳದು. ಗೌರಿ ಹಬ್ಬಕ್ಕೆ ಮೊರದ ಬಾಗಿನ ಬರುವ ಬಾಗಿಲು, ಬಾಣಂತನಕ್ಕೆ ಬಂದ ಬಾಗಿಲು, ಗಂಡನ ಮನೆಯಲ್ಲಿ ಮಾತು ಬಂದಾಗ ನೆನೆದು ಧೈರ್ಯ ತಂದುಕೊಂಡ ಬಾಗಿಲು ಅದು. ತಂಗಿ ಹಾಕುವುದಿಲ್ಲ. ಅವಳ ಪಾಲು ನಾಲ್ಕು ಎಕರೆ, ಅವಳ ಗಂಡನಿಗೋ ಮೈದುನನಿಗೋ ಕಾನೂನಿನ ತಿಳಿವಳಿಕೆಯಿದೆ. ಆಗ ಅಣ್ಣನ ಬಾಯಿಂದ ಹೊರಡುವ ಮಾತನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ: ‘ಅಕ್ಕಯ್ಯನೇ ಸೈನ್ ಹಾಕವ್ಳೆ, ನಿನಗೇನಮ್ಮ ಬಂದಿರೋದು?’ ಈ ಒಂದು ವಾಕ್ಯದಿಂದ ವ್ಯಾಜ್ಯದ ದಿಕ್ಕೇ ತಿರುಗಿಬಿಡುತ್ತದೆ. ಅಣ್ಣನಿಗೂ ತಂಗಿಗೂ ಇದ್ದದ್ದು ಇಬ್ಬರು ಹೆಣ್ಣುಮಕ್ಕಳ ನಡುವಣ ಸ್ಪರ್ಧೆಯಾಗುತ್ತದೆ; ಒಬ್ಬಳು ಒಳ್ಳೆಯವಳು, ಒಬ್ಬಳು ಆಸೆಬುರುಕಿ. ರುಜು ಹಾಕಿದವಳ ಕೋಪವು ಹಾಕದವಳ ಮೇಲೆಯೇ ಹೆಚ್ಚೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡೀತು. ಸ್ವಲ್ಪ ಆಲೋಚಿಸಿದರೆ ಅದರಲ್ಲಿ ವೈಚಿತ್ರ್ಯವೇನೂ ಇಲ್ಲ. ತಂಗಿಯ ನಿರಾಕರಣೆಯು ಅಕ್ಕನ ತ್ಯಾಗವನ್ನು ಒಮ್ಮೆಗೇ ಮೌಢ್ಯವನ್ನಾಗಿ ಮಾಡಿಬಿಡುತ್ತದೆ. ತನ್ನನ್ನು ಪೆದ್ದಿಯೆಂದು ತೋರಿಸಿಕೊಟ್ಟವರನ್ನು ಕ್ಷಮಿಸುವುದು, ತನಗೆ ಮೋಸ ಮಾಡಿದವರನ್ನು ಕ್ಷಮಿಸುವುದಕ್ಕಿಂತ ಕಠಿಣ.

ಹೀಗೆ ಮಾತು ನಿಂತುಹೋಗುತ್ತದೆ. ಮದುವೆಗಳಲ್ಲಿ ಎದುರಾದರೆ ಒಬ್ಬಳು ಊಟದ ಮೊದಲ ಪಂಕ್ತಿ, ಇನ್ನೊಬ್ಬಳು ಎರಡನೆಯದು. ಇಷ್ಟರಲ್ಲಿ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿಗಳ ಕೈಗಾರಿಕಾ ಪ್ರದೇಶವು ಬೆಳೆದು, ಇನ್ಫೋಸಿಸ್ ಬಂದು, ಹೆದ್ದಾರಿ ಅಗಲವಾಗಿ, ಎಕರೆಯ ಲೆಕ್ಕದಲ್ಲಿದ್ದ ಹೊಲ ಅಡಿಯ ಲೆಕ್ಕದ ಸೈಟಾಗುತ್ತದೆ. ಬಡಾವಣೆ ಮಾಡುವವನು ಬಂದು ಮುಂಗಡ ಕೊಡುವುದಕ್ಕೆ ಮೊದಲು ಎಲ್ಲ ವಾರಸುದಾರರ ರುಜು ಕೇಳುತ್ತಾನೆ. ಮಹಾಲಯ ಅಮಾವಾಸ್ಯೆಯ ಹಿರಿಯರ ಹಬ್ಬಕ್ಕೆ ಈ ಸಲ ಇಬ್ಬರನ್ನೂ ಕರೆಸುವುದು ಅದಕ್ಕಾಗಿ. ಗತಿಸಿದವರಿಗೆ ಎಡೆಯಿಟ್ಟು ಬಾಗಿಲು ಮುಚ್ಚಿ ಎಲ್ಲರೂ ಪಡಸಾಲೆಯಲ್ಲಿ ಕುಳಿತಿರುವಾಗ, ಅಕ್ಕ ‘ಯಾವಾಗ ಬಂದ್ಯೆ?’ ಎನ್ನುತ್ತಾಳೆ; ‘ಈಗ್ಲೇ ಕಣಕ್ಕ, ಬಸ್ಸು ತಡ ಆಯ್ತು’ ಎನ್ನುತ್ತಾಳೆ ತಂಗಿ. ಇಪ್ಪತ್ತು ವರ್ಷದ ಮೌನ ಮುರಿಯುವುದಕ್ಕೆ ಇದಕ್ಕಿಂತ ದೊಡ್ಡ ಮಾತೇನೂ ಬೇಕಾಗುವುದಿಲ್ಲ. ಕಷ್ಟವಿರುವುದು ಟ್ರಂಕು ಕೆಳಗಿಳಿದ ಮೇಲೆ.

ಅಲ್ಲಿ ಹೊರಬರುವ ಗುಟ್ಟುಗಳಲ್ಲಿ ಬಹುಪಾಲು ಮೂರು ನಾಲ್ಕು ಜಾತಿಯವು. ಮೊದಲನೆಯದು ಅಕ್ಕನ ಹಕ್ಕು ಬಿಡುಗಡೆಯ ಕಾಗದ. ನೂರು ರೂಪಾಯಿ ಅಥವಾ ಅದಕ್ಕೆ ಮೀರಿದ ಬೆಲೆಯ ಸ್ಥಿರಸ್ವತ್ತಿನ ಹಕ್ಕನ್ನು ಬಿಡುವ ಪತ್ರವು ನೋಂದಣಿಯಾಗಿರಬೇಕೆಂಬುದು 1908ರ ನೋಂದಣಿ ಶಾಸನದ ನಿಯಮ. ಇದು ಬರಿಯ ಛಾಪಾ ಕಾಗದದ ಮೇಲೆ ಬರೆದದ್ದು. ಇಪ್ಪತ್ತು ವರ್ಷ ತಂಗಿಯೊಡನೆ ಮಾತು ಬಿಡಿಸಿದ ಕಾಗದಕ್ಕೆ ಕೋರ್ಟಿನಲ್ಲಿ ಕಿಮ್ಮತ್ತಿಲ್ಲವೆಂಬುದು ಅಕ್ಕನಿಗೆ ಅಂದು ತಿಳಿಯುತ್ತದೆ. ಎರಡನೆಯದು ‘ಪಾಲುಪಟ್ಟಿ’ ಎನ್ನುವ ಒಂದು ಹಾಳೆ. ತಂದೆಯ ಕಾಲದಲ್ಲಿಯೇ ಪಂಚಾಯ್ತಿಯಲ್ಲಿ ಬಾಯಿಮಾತಿನ ಪಾಲಾಗಿತ್ತೆಂದು ಆಮೇಲೆ ಬರೆಸಿಟ್ಟದ್ದು. ಮೂರನೆಯದು ಇನ್ನೂ ಹಳೆಯದು. ಇದೇ ಹೆದ್ದಾರಿಯಲ್ಲಿ ಮುಂದೆ ಸಿಕ್ಕುವ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವರು ಏಳನೆಯ ನಮೂನೆಯ ಅರ್ಜಿಯಿಂದ ಅಧಿಭೋಗದ ಹಕ್ಕು ಪಡೆದರಷ್ಟೆ. ಅರ್ಜಿಯ ಮೇಲೆ ಇದ್ದುದು ಮನೆಯ ಹಿರಿಯ ಗಂಡಸಿನ ಒಂದೇ ಹೆಸರು. ಆ ಒಂದು ಹೆಸರನ್ನು ತೋರಿಸಿ ಜಮೀನು ನಮ್ಮಪ್ಪನೊಬ್ಬನದೇ ಎಂದು ಆತನ ಮಕ್ಕಳು ಸಾಧಿಸುವುದುಂಟು. ಗೇಣಿಯು ಕುಟುಂಬದ್ದಾಗಿದ್ದರೆ ಹಕ್ಕೂ ಕುಟುಂಬದ್ದೇ ಎಂಬುದು ನ್ಯಾಯಾಲಯಗಳು ಒಪ್ಪಿದ ನಿಲುವು. ಭೂಮಿಯನ್ನು ಉಳುವವನಿಗೆ ಕೊಡಿಸಿದ ಆ ಮಹತ್ಕಾರ್ಯದಲ್ಲಿಯೂ ಕಳೆ ಕೀಳುವವಳ ಹೆಸರು ಅರ್ಜಿಗೆ ಏರಲಿಲ್ಲವೆಂಬುದನ್ನು ಇಲ್ಲಿ ಸುಮ್ಮನೆ ಹೇಳಿ ಮುಂದೆ ಹೋಗುತ್ತೇನೆ.

2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದು ಮದುವೆಯ ಷರತ್ತು ಅಳಿಯಿತು. ಆ 23ನೆಯ ಕಲಮೂ ಅಂದೇ ಹೋಯಿತು. ಹಾಗೆಂದು ಗೊಂದಲ ತೀರಲಿಲ್ಲ. ತಿದ್ದುಪಡಿಯ ದಿನ ತಂದೆ ಬದುಕಿರದಿದ್ದರೆ ಮಗಳಿಗೆ ಹಕ್ಕುಂಟೆ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು ಎರಡು ಬೇರೆ ಬೇರೆ ಉತ್ತರ ಕೊಟ್ಟಿತು, ಎರಡೂ ಕರ್ನಾಟಕದ ಮನೆಗಳಿಂದ ಹೋದ ವ್ಯಾಜ್ಯಗಳಲ್ಲಿ. 2015ರ ಫೂಲಾವತಿ ಪ್ರಕರಣದಲ್ಲಿ ಇಲ್ಲವೆಂದಿತು. 2018ರ ಫೆಬ್ರವರಿ 1ರ ದಾನಮ್ಮ ಪ್ರಕರಣದಲ್ಲಿ, 2001ರಲ್ಲಿಯೇ ತಂದೆ ತೀರಿಕೊಂಡಿದ್ದ ಇಬ್ಬರು ಸಹೋದರಿಯರಿಗೆ ತಲಾ ಐದನೆಯ ಒಂದು ಪಾಲನ್ನು ಕೊಟ್ಟಿತು. ಆ ಮೊಕದ್ದಮೆಯನ್ನು ಹೂಡಿದ್ದವನು ಅವರ ಸೋದರನ ಮಗ. 1956ಕ್ಕೆ ಮುಂಚೆ ಹುಟ್ಟಿದ ಹೆಣ್ಣುಮಕ್ಕಳಿಗೆ ಪಾಲೇ ಇಲ್ಲವೆಂದು ಕೆಳಗಿನ ನ್ಯಾಯಾಲಯ ಹೇಳಿದಾಗಲೂ, ಉಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿದಾಗಲೂ ಕೈಬಿಡದೆ, ಅಕ್ಕತಂಗಿಯರಿಬ್ಬರೂ ಒಂದೇ ಮೇಲ್ಮನವಿಯಲ್ಲಿ ಜೊತೆಯಾಗಿ ದೆಹಲಿಯವರೆಗೆ ಹೋದರು. ನಮ್ಮ ವಿಷಯಕ್ಕೆ ತೀರ್ಪಿನಷ್ಟೇ ಆ ಜೊತೆಯೂ ಮುಖ್ಯವಾದದ್ದು. ಕಡೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಮಗಳ ಹಕ್ಕು ಹುಟ್ಟಿನಿಂದ ಬಂದುದು, ತಂದೆ ಆ ದಿನ ಬದುಕಿರಬೇಕಾದುದಿಲ್ಲ ಎಂದು ನಿರ್ಣಯಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆಗಿದ್ದ ಪಾಲು ಮಾತ್ರ ಉಳಿಯುತ್ತದೆ. ಬಾಯಿಮಾತಿನ ಪಾಲೆಂಬ ವಾದವನ್ನು ಸಾಮಾನ್ಯವಾಗಿ ಒಪ್ಪತಕ್ಕದ್ದಲ್ಲ. ನಮ್ಮ ಒಂಬತ್ತು ಎಕರೆಯಲ್ಲಿ ಈಗ ಮೂರು, ಮೂರು, ಮೂರು.

ಇಷ್ಟಕ್ಕೆ ಮುಗಿಯಿತೆಂದುಕೊಳ್ಳುವಾಗ ನಾಲ್ಕನೆಯ ಗುಟ್ಟು. ಟ್ರಂಕಿನ ತಳದಲ್ಲಿ, ಬೇರೆ ಊರಿನ ಶಾಲೆಯೊಂದಕ್ಕೆ ಸೇರಿಸಿದ ಮಗುವಿನ ದಾಖಲೆಯ ನಕಲು, ತಂದೆಯ ಹೆಸರಿನ ಜಾಗದಲ್ಲಿ ಈ ಮನೆಯ ಯಜಮಾನನ ಹೆಸರು. ತಾಯಿಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿತ್ತು. ಹೆಣ್ಣುಮಕ್ಕಳಿಗೆ ಮಾತ್ರ ತಂದೆಯ ಇನ್ನೊಂದು ಮದುವೆಯಿಂದ ತಮಗೊಬ್ಬಳು ತಂಗಿಯಿರುವುದು ಗೊತ್ತಿರಲಿಲ್ಲ. ಭೈರಪ್ಪನವರು ನಂಜನಗೂಡು ಮೈಸೂರುಗಳ ನಡುವೆ ಕಟ್ಟಿದ ‘ವಂಶವೃಕ್ಷ’ ಕಾದಂಬರಿಯು ಪ್ರಕಟವಾದುದು 1965ರಲ್ಲಿ, ಆಸ್ತಿಯ ವೈರದೊಳಗೆ ಹುದುಗಿದ್ದ ಜನ್ಮರಹಸ್ಯವೊಂದನ್ನು ಮುಪ್ಪಿನಲ್ಲಿ ಕಂಡುಕೊಳ್ಳುವ ಶ್ರೋತ್ರಿಗಳ ಪಾತ್ರದಿಂದ ಕನ್ನಡ ಓದುಗರು ತಲ್ಲಣಿಸಿದರು. ಅಂಥ ರಹಸ್ಯವನ್ನು ಈಗ ಹೊರಗೆಳೆಯುವುದು ಕಂದಾಯ ಇಲಾಖೆ ಕೇಳುವ ಒಂದು ನಮೂನೆ. ಈ ಮೂರನೆಯವಳ ಪಾಡನ್ನೂ ಕರ್ನಾಟಕದ ವ್ಯಾಜ್ಯವೇ ತೀರ್ಮಾನಿಸಿತು: ಅಸಿಂಧುವಾದ ವಿವಾಹದಿಂದ ಹುಟ್ಟಿದ ಮಕ್ಕಳು ಸಹದಾಯಾದಿಗಳಾಗರು, ಆದರೆ ಪಿತ್ರಾರ್ಜಿತದಲ್ಲಿ ತಂದೆಗೆ ಬರತಕ್ಕ ಪಾಲಿನಲ್ಲಿ ಅವರಿಗೂ ಭಾಗವುಂಟು ಎಂದು 2023ರ ಸೆಪ್ಟೆಂಬರ್ 1ರಂದು ರೇವಣಸಿದ್ದಪ್ಪ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಲೆಕ್ಕ ಹಾಕಿದರೆ ಒಂಬತ್ತು ಎಕರೆಯಲ್ಲಿ ಅವಳಿಗೆ ಇಪ್ಪತ್ತೆರಡೂವರೆ ಗುಂಟೆ, ಉಳಿದ ಮೂವರಿಗೆ ತಲಾ ಎರಡು ಎಕರೆ ಮೂವತ್ತೆರಡೂವರೆ ಗುಂಟೆ. ಅಣ್ಣನಿಂದ ಅನ್ಯಾಯವಾಯಿತೆಂದು ಇದುವರೆಗೆ ನೊಂದುಕೊಂಡಿದ್ದ ಇಬ್ಬರಿಗೆ, ತಾವು ಕೊಡಬೇಕಾದವರ ಸಾಲಿನಲ್ಲಿ ನಿಂತಾಗ ಬರುವ ಮನಸ್ಸೆಂಥದು? ಅಲ್ಲಿ ‘ಅವಳ್ಯಾರು ನಮಗೆ’ ಎಂಬ ಮಾತು ಬಂದರೆ, ಅಣ್ಣ ಹಿಂದೆ ಆಡಿದ ಮಾತಿಗೂ ಇದಕ್ಕೂ ಭೇದವನ್ನು ತೋರಿಸುವುದು ಕಷ್ಟ.

ಹಕ್ಕು ಸಿಕ್ಕಮಾತ್ರಕ್ಕೆ ತವರು ಸಿಕ್ಕೀತೆಂದು ನಾನು ಹೇಳಲಾರೆ. ಡಿಕ್ರಿಯ ಪ್ರತಿಯನ್ನು ಹಿಡಿದು ಹೋದವಳಿಗೆ ಹೊಲದ ಚಕ್ಕುಬಂದಿಯನ್ನು ಅಮೀನನು ತೋರಿಸಿಯಾನು. ಮಡಿಲು ತುಂಬುವವರನ್ನು ಅವನು ಕರೆತರಲಾರ. ಪಾಲು ಕೇಳಿದ ಮಗಳನ್ನು ಹಬ್ಬಕ್ಕೆ ಕರೆಯದೆ ಬಿಟ್ಟ ಮನೆಗಳಿವೆ, ಪಾಲು ಕೊಟ್ಟು ಮೊದಲಿನಂತೆಯೇ ಬಾಗಿನ ಕಳುಹಿಸಿದ ಅಣ್ಣಂದಿರೂ ಇದ್ದಾರೆ. ಎರಡನೆಯವರ ಸಂಖ್ಯೆ ಕಡಿಮೆಯೆಂದೇ ನನ್ನ ತಿಳಿವಳಿಕೆ. ಕಾನೂನು ಮಾಡಬಲ್ಲುದು ಒಂದನ್ನು ಮಾತ್ರ: ಅಕ್ಕತಂಗಿಯರ ನಡುವೆ ತಾನೇ ನೆಟ್ಟಿದ್ದ ತಾರೀಖನ್ನು ಕಿತ್ತುಹಾಕುವುದು. ಅದನ್ನು ಮಾಡಿದೆ. ಕಿತ್ತುಹಾಕಿರುವ ಸಂಗತಿಯನ್ನು ಮನೆಯೊಳಗೆ ತಿಳಿಸದೆ ಇಡುವುದರಲ್ಲಿ ಲಾಭವಿರುವವರು ಇನ್ನೂ ಇರುವುದರಿಂದ, 1994ರ ಜಗಳವನ್ನು ಇಂದಿಗೂ ಆಡುತ್ತಿರುವ ಸಹೋದರಿಯರು ಮೈಸೂರು ಸೀಮೆಯಲ್ಲಿ ಇದ್ದಾರೆ.

ಈ ವರ್ಷ ಹಿರಿಯರ ಹಬ್ಬಕ್ಕೆ ತವರಿಗೆ ಹೋಗುವ ಹೆಣ್ಣುಮಕ್ಕಳಲ್ಲಿ ನನ್ನದೊಂದು ಬಿನ್ನಹ. ಯಾವ ಕಾಗದ ಮುಂದೆ ಬಂದರೂ ಅಂದೇ ರುಜು ಹಾಕಬೇಡಿ. ಅದರದೊಂದು ನಕಲನ್ನು ಕೇಳಿ ಪಡೆಯಿರಿ. ಉಪನೋಂದಣಾಧಿಕಾರಿಗಳ ಕಚೇರಿಯಿಂದ ಋಣಭಾರ ಪತ್ರ, ನಾಡಕಚೇರಿಯಿಂದ ಪಹಣಿ, ಹಕ್ಕು ಬದಲಾವಣೆಯ ವಹಿಯ ನಕಲು, ಇವು ಮೂರನ್ನೂ ತರಿಸಿ, ಮಾತು ಬಿಟ್ಟಿರುವ ಅಕ್ಕನೋ ತಂಗಿಯೋ ಇದ್ದರೆ ಅವಳಿಗೂ ಒಂದು ಪ್ರತಿಯನ್ನು ಕಳುಹಿಸಿ. ಆಮೇಲೆ ಪಾಲು ಬೇಡವೆನ್ನಿಸಿದರೆ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ. ಎಷ್ಟು ಗುಂಟೆ ಬಿಡುತ್ತಿದ್ದೀರೆಂಬುದನ್ನು ಮಾತ್ರ ಮೊದಲು ತಿಳಿದುಕೊಳ್ಳಿ.